ಪೈಪ್ ಬಂತು, ಗ್ಯಾಸ್ ಎಲ್ಲಿ ಸ್ವಾಮಿ?

ನಮ್ಮ ಹೊಸ ಫ್ಲ್ಯಾಟಿನ ಅಡುಗೆಮನೆ ಗೋಡೆಯಲ್ಲಿ ಒಂದು ಪೈಪ್ ಇದೆ. ತುದಿಗೆ ಒಂದು ವಾಲ್ವು. ಗೃಹಪ್ರವೇಶ ಆಗಿ ಹದಿನಾಲ್ಕು ತಿಂಗಳಾಯ್ತು, ಅದರಲ್ಲಿ ಇನ್ನೂ ಗ್ಯಾಸ್ ಬಂದಿಲ್ಲ! ಅವತ್ತು ಹಾಲು ಉಕ್ಕಿಸೋಕೆ ಅಮ್ಮ ಚಿಕ್ಕಮ್ಮನ ಮನೆಯಿಂದ ಸಿಲಿಂಡರ್ ತರಿಸಿದ್ರು. "ಪೈಪಲ್ಲೇ ಬರುತ್ತೆ ಅಂದಿದ್ಯಲ್ಲೋ" ಅಂತ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ.

ಬಿಲ್ಡರ್ ಕೇಳಿದ್ರೆ "ಗ್ಯಾಸಿನವರು ಲೈನ್ ಎಳೆದಿಲ್ಲ ಸಾರ್". ಗ್ಯಾಸಿನವರನ್ನ ಕೇಳಿದ್ರೆ "ನಿಮ್ಮ ಬಿಲ್ಡರ್ ಅರ್ಜಿ ಹಾಕಿದ್ದೇ ಕೀ ಕೊಟ್ಟ ಮೇಲೆ". ಈಗ ರಸ್ತೆ ಅಗೆಯೋಕೆ ಅನುಮತಿ ಬೇಕು, ರಸ್ತೆಗೆ ಆಗಲೇ ಟಾರು ಬಿದ್ದಿದೆ. ದಾಭೋಲ್‌ನಿಂದ ಬೆಂಗಳೂರಿಗೆ ಗೇಲ್ ಪೈಪ್‌ಲೈನ್ ಚಾಲೂ ಆಗಿದ್ದು 2013ರಲ್ಲಿ. ಕೊಂಕಣದ ಕಡಲತೀರದಿಂದ ಘಟ್ಟ ಹತ್ತಿ ಬಂದ ಗ್ಯಾಸಿಗೆ ಮೇನ್ ರೋಡಿಂದ ನಮ್ಮ ಗೇಟು ದಾಟೋಕೆ ಆಗ್ತಿಲ್ಲ....

ನನಗೆ ಸಿಟ್ಟು ಬಿಲ್ಡರ್ ಮೇಲೇ. ಕರೆಂಟಿಗೆ ಪಾಯ ತೋಡುವಾಗಲೇ ಓಡಾಡ್ತಾರೆ, ಯಾಕಂದ್ರೆ ಅದಿಲ್ಲದಿದ್ರೆ ಲಿಫ್ಟೂ ಓಡಲ್ಲ, ಫ್ಲ್ಯಾಟೂ ಹೋಗಲ್ಲ. ಗ್ಯಾಸ್ ಮಾತ್ರ ಬ್ರೋಷರಿನ ಬಣ್ಣದ ಚಿತ್ರ. ಬೇರೆ ಟೀಮಿನ ಕೆಲಸ ಮುಗಿಯದೆ ನಮ್ಮದು ನಡೆಯಲ್ಲ ಅಂತ ಗೊತ್ತಿದ್ದೂ ರಿಲೀಸ್ ಹಿಂದಿನ ದಿನ ಅವರಿಗೆ ಮೇಲ್ ಹಾಕಿದ್ರೆ ನಮ್ಮ ಮ್ಯಾನೇಜರ್ ಸುಮ್ಮನೆ ಬಿಡ್ತಾರಾ? (ನಾನೂ ಒಮ್ಮೆ ಹಾಗೆ ಮಾಡಿ ಬೈಸಿಕೊಂಡಿದ್ದೀನಿ, ಅದು ಬೇರೆ ಕಥೆ.)

"ಸದ್ಯಕ್ಕೆ ಎಲ್‌ಪಿಜಿ ಬ್ಯಾಂಕ್ ಹಾಕ್ತೀವಿ, ಅದೇ ಪೈಪಲ್ಲಿ ಕೊಡ್ತೀವಿ" ಅಂತ ಈಗ ಹೊಸ ರಾಗ. ಅದನ್ನ ಮಾಡಬಹುದು, ಆದ್ರೆ ಮೊದಲೇ ಯೋಚಿಸಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲಿ ನಿಲ್ಲುತ್ತೆ. ನೈಸರ್ಗಿಕ ಅನಿಲ ಹಗುರ, ಮೇಲೆ ಏರುತ್ತೆ. ಹಾಗಾಗಿ ಗಾಳಿಕಿಂಡಿ, ಸೋರಿಕೆ ಅಲಾರಂ ಇಡೋ ಜಾಗವೇ ಬೇರೆ. ಒಂದು ಘನಮೀಟರ್ ನೈಸರ್ಗಿಕ ಅನಿಲದಲ್ಲಿ ಎಲ್‌ಪಿಜಿಯ ಅರ್ಧದಷ್ಟೂ ಶಾಖ ಇಲ್ಲ, ಅದಕ್ಕೇ ಆಮೇಲೆ ಪ್ರತಿ ಮನೆಯ ಒಲೆಯ ಜೆಟ್ಟೂ ಬದಲಿಸಬೇಕು. ತಿಂಗಳುಗಟ್ಟಲೆ ಖಾಲಿ ಬಿದ್ದ ಪೈಪನ್ನ ಒತ್ತಡ ಕೊಟ್ಟು ಮತ್ತೆ ಪರೀಕ್ಷೆ ಮಾಡ್ಬೇಕು. ಇದರ ಖರ್ಚು ಯಾರದು ಅಂದ್ರೆ ಬಿಲ್ಡರ್ ಫೋನೇ ಎತ್ತಲ್ಲ.

ಫ್ಲ್ಯಾಟ್ ಬುಕ್ ಮಾಡೋರು ದಯವಿಟ್ಟು ಕೇಳಿ, ಗ್ಯಾಸಿಗೆ ಅರ್ಜಿ ಹಾಕಿದ ದಿನಾಂಕ ಯಾವುದು, ಪ್ರತಿ ಎಲ್ಲಿ ಅಂತ. ಒಲೆ ಹೊತ್ತೋವರೆಗೂ "ಗ್ಯಾಸ್ ಕನೆಕ್ಷನ್ ಚಾರ್ಜು" ಕೊಡಬೇಡಿ. ನಾವು ಕೊಟ್ಟು ಕೂತಿದ್ದೀವಿ.

2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಜಾಹೀರಾತಿನ ಸುಳ್ಳು ನಂಬಿ ನಷ್ಟ ಆದವರು ಪರಿಹಾರ ಕೇಳಬಹುದು. ದೂರು ಬರೆದಿಟ್ಟಿದ್ದೀನಿ. 46 ಮನೆಗಳಲ್ಲಿ ಸಹಿ ಹಾಕಿದ್ದು 9. ಉಳಿದವರು "ಬಿಡಿ ಸಾರ್, ಸಿಲಿಂಡರ್ ಇದ್ಯಲ್ಲ" ಅಂತಾರೆ. ನಾಳೆ ಭಾನುವಾರ, ಮೂರನೇ ಮಹಡಿಯಿಂದ ಮತ್ತೆ ಬಾಗಿಲು ತಟ್ತೀನಿ.