ಗಡ್ಡವೂ ವಿದ್ಯುತ್ ಕ್ಷೌರಯಂತ್ರವೂ

ವಾರ್ಷಿಕ ಸಂಚಿಕೆಯಲ್ಲಿ ಕಾವ್ಯಮೀಮಾಂಸೆಯನ್ನೋ ಗ್ರಾಮೋದ್ಧಾರವನ್ನೋ ಕುರಿತು ಬರೆಯುವುದು ಸಂಪ್ರದಾಯ. ಗಡ್ಡವನ್ನು ಕುರಿತು ಬರೆಯಹೊರಟ ನನ್ನನ್ನು ಕಂಡು ಅಧ್ಯಾಪಕರು ಹುಬ್ಬೇರಿಸಬಹುದು. ಆದರೆ ಕಾವ್ಯಮೀಮಾಂಸೆಯಿಲ್ಲದೆ ವಾರಗಟ್ಟಲೆ ಬದುಕಬಲ್ಲ ವಿದ್ಯಾರ್ಥಿಯೂ ಎನ್.ಸಿ.ಸಿ. ಕವಾಯತಿನ ಮುಂಜಾನೆ ತನ್ನ ಗಡ್ಡವನ್ನು ಮರೆತಿರಲಾರ. ಗಡ್ಡ ಬಿಡುವುದನ್ನೇ ಶೃಂಗಾರವೆಂದು ತಿಳಿದ ಮಿತ್ರರು ಈ ಪುಟವನ್ನು ಮಗುಚಿ ಮುಂದೆ ಹೋಗಬಹುದು.

ಅಮೆರಿಕದ ಸೈನ್ಯಾಧಿಕಾರಿ ಜೇಕಬ್ ಷಿಕ್ ಎಂಬಾತ ನೀರೂ ನೊರೆಯೂ ಬೇಡದ ವಿದ್ಯುತ್ ಕ್ಷೌರಯಂತ್ರವನ್ನು 1931ರಲ್ಲಿ ಮಾರಾಟಕ್ಕೆ ತಂದನು. 1939ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಂಸ್ಥೆ ಗರಗರನೆ ತಿರುಗುವ ಅಲಗಿನ ಯಂತ್ರವನ್ನೂ, 1950ರಲ್ಲಿ ಜರ್ಮನಿಯ ಬ್ರೌನ್ ಸಂಸ್ಥೆ ತೆಳುವಾದ ಲೋಹದ ಜಾಲರಿಯ ಅಡಿಯಲ್ಲಿ ಅಲಗು ಅತ್ತಿತ್ತ ಓಡುವ ಯಂತ್ರವನ್ನೂ ಹೊರತಂದವು. ಇಂದಿಗೂ ಅಂಗಡಿಯಲ್ಲಿರುವ ಮುಖ್ಯ ಜಾತಿಗಳು ಇವೆರಡೇ. ಉಳಿದುದೆಲ್ಲ ಬಣ್ಣ, ದೀಪ, ಡಬ್ಬಿ.

ಇವುಗಳಲ್ಲಿ ಯಾವುದು ಮೇಲು? ಜಾಹೀರಾತಿನ ಮುಖವನ್ನು ಬಿಟ್ಟು ತನ್ನ ಮುಖವನ್ನು ನೋಡಿಕೊಂಡರೆ ಅರ್ಧ ಉತ್ತರ ಸಿಗುತ್ತದೆ. ದಿನಂಪ್ರತಿ ಕ್ಷೌರ ಮಾಡಿಕೊಳ್ಳುವವನಿಗೆ ಜಾಲರಿಯ ಯಂತ್ರ ಸೊಗಸು. ನನ್ನಂತೆ ಮೂರು ದಿನಕ್ಕೊಮ್ಮೆ ಎಚ್ಚರಗೊಳ್ಳುವವನಿಗೂ, ಕತ್ತಿನ ಕೂದಲು ದಿಕ್ಕಿಗೊಂದಾಗಿ ಬೆಳೆಯುವವನಿಗೂ ತಿರುಗುವ ಅಲಗಿನದೇ ವಾಸಿ. ಬ್ಲೇಡಿನಷ್ಟು ನುಣುಪು ಎರಡರಿಂದಲೂ ಬಾರದು, ಇದನ್ನು ದೋಷವೆನ್ನುವವರಿದ್ದಾರೆ. ಗುಂಗುರು ಗಡ್ಡದವರಿಗಾದರೋ ಇದೇ ಗುಣ. ತೀರ ಬುಡಕ್ಕೆ ಕತ್ತರಿಸಿದ ಗುಂಗುರು ಕೂದಲು ಚರ್ಮದೊಳಕ್ಕೇ ತಿರುಗಿ ಬೆಳೆದು ಗುಳ್ಳೆಯೆಬ್ಬಿಸುತ್ತದೆ. ಹೊಸ ಯಂತ್ರಕ್ಕೆ ಚರ್ಮ ಒಗ್ಗಲು ಎರಡು ಮೂರು ವಾರ ಬೇಕಾಗುವುದರಿಂದ, ಮೊದಲ ದಿನವೇ ಅದನ್ನು ಬೈಯುವುದು ನ್ಯಾಯವಲ್ಲ. ಇನ್ನು ಟ್ರಿಮ್ಮರನ್ನೇ ಶೇವರೆಂದು ಕೈಗಿಡುವ ಅಂಗಡಿಕಾರರೂ ಉಂಟು. ಅದು ಗಡ್ಡವನ್ನು ಮೊಟಕುಮಾಡುವುದೇ ಹೊರತು ತೆಗೆಯುವುದಿಲ್ಲ.

ನಾನು ಲೇಖನಿ ಹಿಡಿದದ್ದಕ್ಕೆ ನಿಜವಾದ ಕಾರಣ ಬೇರೆಯೇ ಇದೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಒಂದೇ ಕೊಠಡಿಯ ನಾಲ್ವರು ಹಣ ಕೂಡಿಸಿ ಒಂದೇ ಯಂತ್ರ ಕೊಳ್ಳುವ ಹವಣಿಕೆಯಲ್ಲಿದ್ದಾರೆ. ನಾಲ್ವರೂ ಅರ್ಥಶಾಸ್ತ್ರದ ವಿದ್ಯಾರ್ಥಿಗಳು. ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಆ ಲೆಕ್ಕದಲ್ಲಿ ರಕ್ತವನ್ನು ಸೇರಿಸಿಲ್ಲ. ವಿದ್ಯುತ್ ಯಂತ್ರವೂ ಕಣ್ಣಿಗೆ ಕಾಣದಂತಹ ಗೀರುಗಳನ್ನು ಮಾಡಬಲ್ಲದು. ಹೆಪಟೈಟಿಸ್-ಬಿ ಎಂಬ ಯಕೃತ್ತಿನ ರೋಗದ ವೈರಾಣು ದೇಹದ ಹೊರಗೂ ಕನಿಷ್ಠ 7 ದಿನ ಸೋಂಕುವ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ. ಅದನ್ನು ಹೊತ್ತವನು ಆರೋಗ್ಯವಂತನಂತೆಯೇ ಓಡಾಡಿಕೊಂಡಿರಬಹುದು. ತನಗಿದೆಯೆಂದು ಅವನಿಗೇ ತಿಳಿದಿರಲಿಕ್ಕಿಲ್ಲ. ಕುಂಚದಿಂದ ಕೂದಲಪುಡಿಯನ್ನು ಕೊಡವಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಸೆಲೂನಿನಲ್ಲಿ "ಹೊಸ ಬ್ಲೇಡು ಹಾಕಪ್ಪ" ಎಂದು ಪಟ್ಟುಹಿಡಿಯುವ ನಾವು ಗೆಳೆಯನ ಯಂತ್ರಕ್ಕೆ ವಿನಾಯಿತಿ ಕೊಡುವುದೇಕೆ? ಟೊಣಪನೆಂದರೂ ಸರಿ, ಜಿಪುಣನೆಂದರೂ ಸರಿ, ನನ್ನ ಯಂತ್ರವನ್ನು ನಾನು ಯಾರಿಗೂ ಕೊಡೆನು. ಊಟದ ಡಬ್ಬಿ ಬೇಕಾದರೆ ಕೇಳಲಿ.

ಒಬ್ಬೊಬ್ಬರೂ ಒಂದೊಂದು ಕೊಳ್ಳುವುದು ಎಲ್ಲಿಂದ ಬಂತು ಎನ್ನುವಿರಿ. ಆ ಮಾತು ನಿಜ. ಅದೂ ಅಲ್ಲದೆ ಖರ್ಚು ಕೊಂಡ ದಿನಕ್ಕೇ ಮುಗಿಯುವುದಿಲ್ಲ. ಜಾಲರಿ, ಅಲಗುಗಳು ಸವೆಯುತ್ತವೆ. ಒಂದೂವರೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಆದುದರಿಂದ ಯಂತ್ರದ ಬೆಲೆಗಿಂತ ಮೊದಲು ಬಿಡಿಭಾಗದ ಬೆಲೆಯನ್ನು ಕೇಳಬೇಕು. ಅದು ನಮ್ಮ ಊರಿನಲ್ಲಿ ಸಿಗದೆಂದಾದರೆ ಕೊಳ್ಳದಿರುವುದೇ ಲೇಸು. ಕೈಯಲ್ಲಿ ಅಷ್ಟು ಹಣವಿಲ್ಲದವರು ಹಳೆಯ ಸೇಫ್ಟಿ ರೇಜರನ್ನೇ ಇಟ್ಟುಕೊಳ್ಳಲಿ. ಮಳೆಗಾಲದಲ್ಲಿ ಕರೆಂಟು ಹೋದ ಬೆಳಗ್ಗೆ ನಿಲಯದ ಕೊಳಾಯಿಯ ಮುಂದೆ ಅವರೇ ಮೊದಲು ಸಿದ್ಧರಾಗಿರುತ್ತಾರೆ.