ಪ್ರಯೋಗಶಾಲೆಯ ಗಣಕಕ್ಕೆ ಎಂಥ ಕಾರ್ಡು ತಕ್ಕುದು?

ಭಟ್ಕಳ, ಹೊನ್ನಾವರ, ಕುಮಟಾಗಳ ಅನೇಕ ವಿದ್ಯಾರ್ಥಿಗಳ ಮನೆಯಲ್ಲಿ ಇಂದು ಗಣಕಯಂತ್ರವಿದೆ. ಪತ್ರ ಬರೆಯುವುದಕ್ಕೂ ಚಲನಚಿತ್ರ ನೋಡುವುದಕ್ಕೂ ಒದಗುವ ಈ ಯಂತ್ರವು ಭೌತವಿಜ್ಞಾನದ ಪ್ರಯೋಗಕ್ಕೂ ಒದಗಬಲ್ಲುದು. ಆದರೆ ಗಣಕಕ್ಕೆ ಅಂಕಿಗಳ ಹೊರತು ಬೇರೇನೂ ತಿಳಿಯದು. ಶಾಖ, ಬೆಳಕು, ಶಬ್ದಗಳನ್ನು ಸಂವೇದಕವು ವೋಲ್ಟೇಜನ್ನಾಗಿ ಮಾರ್ಪಡಿಸುತ್ತದೆ. ಆ ವೋಲ್ಟೇಜನ್ನು ಅಂಕಿಯಾಗಿಸಿ ಗಣಕಕ್ಕೆ ಒಪ್ಪಿಸಲು ನಡುವೆ ಒಬ್ಬ ದುಭಾಷಿ ಬೇಕು. ಸಂಪರ್ಕ ಕಾರ್ಡು ಎಂಬುದೇ ಈ ದುಭಾಷಿ. ಯಾವ ಕಾರ್ಡನ್ನು ಕೊಳ್ಳಬೇಕು? ಅಳೆಯಬೇಕಾದುದು ಏನೆಂದು ಕಾಗದದ ಮೇಲೆ ಬರೆದುಕೊಳ್ಳುವ ಮೊದಲು ಯಾವುದನ್ನೂ ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಮಾರುವವರು ಮೊದಲು ಹೇಳುವುದು ಬಿಟ್ಟುಗಳ ಸಂಖ್ಯೆಯನ್ನು. 10 ಬಿಟ್ಟಿನ ಕಾರ್ಡು ತನ್ನ ಅಳತೆಯ ವ್ಯಾಪ್ತಿಯನ್ನು 1024 ಮೆಟ್ಟಿಲುಗಳಾಗಿಯೂ, 12 ಬಿಟ್ಟಿನದು 4096 ಮೆಟ್ಟಿಲುಗಳಾಗಿಯೂ ವಿಭಾಗಿಸುತ್ತದೆ. ಎರಡನೆಯದೇ ಸೂಕ್ಷ್ಮವೆಂದು ತೋರುವುದು ಸಹಜ. ಲೆಕ್ಕ ಹಾಕಿ ನೋಡೋಣ. 10 ಬಿಟ್ಟಿನ ಆರ್ಡುಯಿನೋ ಊನೋ ಫಲಕವು 0ಯಿಂದ 5 ವೋಲ್ಟಿನವರೆಗೆ ಅಳೆಯುವಾಗ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. 12 ಬಿಟ್ಟಿನ ಕಾರ್ಡು −16ರಿಂದ +16 ವೋಲ್ಟಿನವರೆಗೆ ಅಳೆಯುವುದಾದರೆ ಅದರ ಮೆಟ್ಟಿಲು 7.8 ಮಿಲಿವೋಲ್ಟ್! ವ್ಯಾಪ್ತಿಯನ್ನು ವಿಚಾರಿಸದೆ ಬಿಟ್ಟುಗಳನ್ನು ಎಣಿಸಿ ಫಲವಿಲ್ಲ. ಇನ್ನು ಕ್ರೋಮೆಲ್-ಅಲ್ಯೂಮೆಲ್ ಉಷ್ಣಯುಗ್ಮವು ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ. ಮಂಜುಗಡ್ಡೆ ಕರಗುವಲ್ಲಿಂದ ನೀರು ಕುದಿಯುವವರೆಗಿನ 100 ಡಿಗ್ರಿಗಳೂ ಈ ಕಾರ್ಡುಗಳ ಒಂದೇ ಮೆಟ್ಟಿಲಿನಲ್ಲಿ ಅಡಗಿಹೋಗುತ್ತವೆ. ಕಾರ್ಡಿಗೆ ಮೊದಲು ಒಂದು ವರ್ಧಕವನ್ನಿಟ್ಟರೆ ಈ ಕೊರತೆ ನೀಗುತ್ತದೆ.

ಎರಡನೆಯ ಪ್ರಶ್ನೆ ವೇಗದ್ದು. 512 ಹರ್ಟ್ಸಿನ ಶ್ರುತಿಕವೆಯ ಕಂಪನವನ್ನು ಗುರುತಿಸಲು ಸೆಕೆಂಡಿಗೆ 1024ಕ್ಕೂ ಹೆಚ್ಚು ಅಳತೆಗಳು ಬೇಕು. ಅಲೆಯ ಆಕಾರ ಕಾಣಬೇಕಾದರೆ ಇನ್ನೂ ಅನೇಕ ಪಟ್ಟು ಬೇಕು. ಗಣಕದೊಳಗೇ ಇರುವ ಧ್ವನಿ ಕಾರ್ಡು ಸೆಕೆಂಡಿಗೆ 44,100 ಬಾರಿ ಅಳೆಯಬಲ್ಲುದಾದ್ದರಿಂದ ಇದಕ್ಕಾಗಿ ಹಣ ವೆಚ್ಚ ಮಾಡಬೇಕಾದುದೇ ಇಲ್ಲ. ಆದರೆ ಅದು ಸ್ಥಿರ ವೋಲ್ಟೇಜನ್ನು ತಡೆದುಬಿಡುತ್ತದೆ. 1000 ಮೈಕ್ರೋಫ್ಯಾರಡಿನ ಕೆಪಾಸಿಟರು 10 ಕಿಲೋಓಮ್ ರೋಧಕದ ಮೂಲಕ, 10 ಸೆಕೆಂಡಿನ ಕಾಲಸ್ಥಿರಾಂಕದಿಂದ ಬರಿದಾಗುವುದನ್ನು ಅಳೆಯಲು ಅದು ಕೆಲಸಕ್ಕೆ ಬಾರದು. ಅಲ್ಲಿಗೆ ಊನೋ ಧಾರಾಳವಾಗಿ ಸಾಕು.

ಕಾರ್ಡನ್ನು ಗಣಕದ ಒಡಲೊಳಗೆ ಸಿಕ್ಕಿಸಬೇಕೆ, ಹೊರಗಿಡಬೇಕೆ? 1981ರ ಐಬಿಎಂ ಪಿಸಿಯಲ್ಲಿ ಐದು ಸ್ಲಾಟುಗಳಿದ್ದವು. ಅಳತೆಯ ಕಾರ್ಡುಗಳು ಅಲ್ಲಿ ಕೂರುತ್ತಿದ್ದವು. 1996ರಲ್ಲಿ ಬಂದ ಯುಎಸ್‌ಬಿ ಹೊರಗಿನ ದಾರಿಯನ್ನು ಸುಲಭ ಮಾಡಿತು. ಅತಿವೇಗದ ಅಳತೆಗೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು ಯೋಗ್ಯವೆಂಬುದು ನಿಜ. ಆದರೆ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಎಡೆಯಿಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಸ್ಲಾಟಿನ ಸಂಪರ್ಕಗಳು ಕಿಲುಬು ಹಿಡಿದರೆ ಗಣಕವನ್ನೇ ಬಿಚ್ಚಬೇಕು. ಹೊರಗಿನ ಕಾರ್ಡನ್ನಾದರೋ ಮಳೆಗಾಲದಲ್ಲಿ ಸಿಲಿಕಾ ಜೆಲ್ಲಿನೊಡನೆ ಡಬ್ಬಿಯಲ್ಲಿಟ್ಟು ಕಾಪಾಡಬಹುದು.

ಮಂಡಲದ ನಕ್ಷೆ ಬಹಿರಂಗವಾಗಿರುವ ಕಾರ್ಡೇ ವಿದ್ಯಾರ್ಥಿಗೆ ತಕ್ಕುದು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರವು ಫೀನಿಕ್ಸ್ ಯೋಜನೆಯಲ್ಲಿ ರೂಪಿಸಿದ ಎಕ್ಸ್‌ಪೈಸ್-17 ಅಂಥದು. ಮೇಲೆ ಹೇಳಿದ 16 ವೋಲ್ಟಿನ ವ್ಯಾಪ್ತಿಯನ್ನು ಅದರಲ್ಲಿ ಬೇಕಾದಂತೆ ಕಿರಿದುಗೊಳಿಸಬಹುದು. ಮುಚ್ಚಿದ ಪೆಟ್ಟಿಗೆಯ ದುಬಾರಿ ಉಪಕರಣವು ಹೆಚ್ಚು ನಿಖರವೆಂದು ಕೆಲವರು ವಾದಿಸುತ್ತಾರೆ. ಸಂಶೋಧನಾಲಯದಲ್ಲಿ ಆ ವಾದ ಒಪ್ಪತಕ್ಕದ್ದೇ. ಕಲಿಯುವವನಿಗಾದರೋ ಅಂಕಿಯು ಎಲ್ಲಿಂದ ಹುಟ್ಟಿತೆಂಬುದೂ ತಿಳಿಯಬೇಕಲ್ಲವೆ?

ಇಂಥ ಕಾರ್ಡಿಗೆ ನಮ್ಮಲ್ಲಿಯೇ ಕೆಲಸವಿದೆ. ಹೊನ್ನಾವರದ ಬಳಿ ಕಡಲು ಸೇರುವ ಶರಾವತಿಗೆ 1964ರ ಲಿಂಗನಮಕ್ಕಿ ಅಣೆಕಟ್ಟು ಇದೆ. ಕುಮಟಾ ತಾಲೂಕಿನ ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟಿಲ್ಲ. ಎರಡು ಅಳಿವೆಗಳಲ್ಲಿ ಭರತ-ಇಳಿತಗಳೊಡನೆ ನೀರಿನ ಉಪ್ಪು ಹೇಗೆ ಏರಿಳಿಯುತ್ತದೆಂದು ಹೋಲಿಸಿ ನೋಡಬಾರದೇಕೆ? ನೀರಿನ ವಿದ್ಯುದ್ವಾಹಕತೆಯನ್ನು ನಿಮಿಷಕ್ಕೊಮ್ಮೆ ಅಳೆದರೆ ಸಾಕು. ನೇರ ಪ್ರವಾಹ ಹರಿಸಿದರೆ ವಿದ್ಯುದ್ವಿಭಜನೆಯಾಗಿ ಅಳತೆ ಕೆಡುವುದರಿಂದ ಪರ್ಯಾಯ ಪ್ರವಾಹವನ್ನೇ ಬಳಸತಕ್ಕದ್ದು. ಅದನ್ನು ಕಾರ್ಡಿನ ಅಲೆ ಉತ್ಪಾದಕದಿಂದ ಪಡೆಯಬೇಕೇ ಹೊರತು ಮನೆಯ 230 ವೋಲ್ಟಿನ ತಂತಿಯನ್ನು ಮುಟ್ಟಲೇ ಕೂಡದು.

ಆದಕಾರಣ ವಿದ್ಯಾರ್ಥಿ ಮಿತ್ರರೇ, ಕೊಳ್ಳುವ ಮೊದಲು ಮೂರು ಸಾಲು ಬರೆಯಿರಿ: ಎಷ್ಟು ವೋಲ್ಟಿನ ವ್ಯಾಪ್ತಿ, ಎಷ್ಟು ಸಣ್ಣ ಮೆಟ್ಟಿಲು, ಸೆಕೆಂಡಿಗೆ ಎಷ್ಟು ಅಳತೆ. ಆ ಕಾಗದವನ್ನು ನಿಮ್ಮ ಅಧ್ಯಾಪಕರಿಗೆ ತೋರಿಸಿ ಚರ್ಚಿಸಿರಿ. ಅಂಗಡಿಗೆ ಹೋಗುವುದು ಆಮೇಲಾಗಲಿ.