ಚಿತ್ರ ಯಾರ ಕೃಪೆ?

ನಮ್ಮ ಪತ್ರಿಕೆಗಳ ಪುರವಣಿಗಳಲ್ಲಿಯೂ ಸಂಘಸಂಸ್ಥೆಗಳ ಸ್ಮರಣಸಂಚಿಕೆಗಳಲ್ಲಿಯೂ ಚಿತ್ರಗಳ ಕೆಳಗೆ ಈಚಿನ ವರ್ಷಗಳಲ್ಲಿ ಒಂದು ಒಕ್ಕಣೆ ಬಳಕೆಗೆ ಬಂದಿದೆ: ‘ಚಿತ್ರಕೃಪೆ: ಅಂತರ್ಜಾಲ.’ ನೋಡುವುದಕ್ಕೆ ಇದು ಕೃತಜ್ಞತೆಯ ಮಾತಿನಂತಿದೆ. ಆದರೆ ಕೃಪೆ ಮಾಡಲು ಅಂತರ್ಜಾಲವೇನು ಒಬ್ಬ ಮನುಷ್ಯನೆ? ಸಂತೆಯಲ್ಲಿ ಯಾರೋ ಮರೆತುಹೋದ ಕೊಡೆಯನ್ನು ಎತ್ತಿಕೊಂಡು ಬಂದವನು ‘ಇದು ಸಂತೆಯ ಕೃಪೆ’ ಎಂದರೆ ಕೇಳಿದವರು ನಗುತ್ತಾರೆ. ಅದೇ ಮಾತನ್ನು ಅಚ್ಚಿನಲ್ಲಿ ಕಂಡಾಗ ಮಾತ್ರ ನಮಗೆ ನಗು ಬರುವುದಿಲ್ಲ. ಅಷ್ಟರಮಟ್ಟಿಗೆ ಅದು ರೂಢಿಯಾಗಿಬಿಟ್ಟಿದೆ.

ಬೆಳಗಾವಿಯ ಚರಿತ್ರೆ, ಖಾನಾಪುರದ ಕಾಡು, ಅಲ್ಲಿಯ ಗುಡಿ ಬಸದಿಗಳನ್ನು ಕುರಿತು ಬರೆಯುವವರಲ್ಲಿ ಹೆಚ್ಚಿನವರು ಪತ್ರಿಕೆಗಳ ಸಿಬ್ಬಂದಿಯಲ್ಲ. ಅಧ್ಯಾಪಕರು, ನಿವೃತ್ತ ನೌಕರರು, ಉತ್ಸಾಹಿ ವಿದ್ಯಾರ್ಥಿಗಳು, ಅಂದರೆ ಸಂಪಾದಕರು ಕರೆದಾಗ ಬರೆದುಕೊಡುವ ಅತಿಥಿ ಲೇಖಕರು. ಇವರಿಲ್ಲದಿದ್ದರೆ ನಮ್ಮ ಪುರವಣಿಗಳು ಅರ್ಧ ಬರಿದಾದಾವು. ಇಂಥವರೊಬ್ಬರು ಹಲಸಿಯನ್ನು ಕುರಿತು ಲೇಖನ ಬರೆದು, ಜೊತೆಗೆ ನಾಲ್ಕು ಚಿತ್ರಗಳನ್ನು ಕಳಿಸಿದರೆಂದು ಇಟ್ಟುಕೊಳ್ಳೋಣ. ಒಂದನ್ನು ತಾವೇ ತೆಗೆದಿದ್ದಾರೆ. ಎರಡು, ಗೆಳೆಯರೊಬ್ಬರು ಮೊಬೈಲಿಗೆ ಕಳಿಸಿದವು. ಆ ಗೆಳೆಯರಿಗೆ ಅವು ಎಲ್ಲಿಂದ ಬಂದವೋ ತಿಳಿಯದು. ನಾಲ್ಕನೆಯದು ಯಾವುದೋ ಪುಸ್ತಕದ ಪುಟ. ಸಂಪಾದಕರು ಲೇಖಕರನ್ನು ನಂಬುತ್ತಾರೆ, ಲೇಖಕರು ಗೆಳೆಯರನ್ನು ನಂಬುತ್ತಾರೆ. ನಂಬಿಕೆಯ ಈ ಸರಪಣಿಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದವನ ಹೆಸರು ಎಲ್ಲಿಯೋ ಕಳಚಿ ಬೀಳುತ್ತದೆ. ಭಾನುವಾರ ಬೆಳಿಗ್ಗೆ ಆತನೂ ಪತ್ರಿಕೆ ಕೊಳ್ಳುತ್ತಾನೆ. ತನ್ನ ಚಿತ್ರವನ್ನು ನೋಡುತ್ತಾನೆ.

ಛಾಯಾಚಿತ್ರವೆಂದರೆ ಗುಂಡಿ ಒತ್ತುವುದಷ್ಟೆ, ಅದರಲ್ಲಿ ಕರ್ತೃತ್ವವೇನು ಬಂತು ಎನ್ನುವವರು ಇಂದಿಗೂ ಇದ್ದಾರೆ. ಹಲಸಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಒಂದರ ಬೆಳಕು ಇನ್ನೊಂದಕ್ಕೆ ಹೊಂದುವುದಿಲ್ಲ. ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯ ಕಥೆಯೂ ಹೆಚ್ಚು ಬೇರೆಯಲ್ಲ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 13ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಈ ಬಸದಿಗೆ ಹೆಸರು ಬಂದದ್ದು ಮಂಟಪದ ಮೇಲ್ಛಾವಣಿಯಲ್ಲಿ ಅರಳಿರುವ ಕಲ್ಲಿನ ಕಮಲದಿಂದ. ಅರೆಗತ್ತಲೆಯಲ್ಲಿ ತಲೆಯ ಮೇಲಿರುವ ಆ ಕಮಲದ ಎಸಳುಗಳನ್ನು ಬಿಡಿಸಿ ತೋರಿಸುವಂಥ ಚಿತ್ರ ತೆಗೆಯಬೇಕಾದರೆ ಹೊತ್ತು ಕಾಯಬೇಕು, ಸ್ಥಳ ಹುಡುಕಬೇಕು. ಇನ್ನು ಭೀಮಗಡದ ಕಾಡಿನ ಬಾರಾಪೇಡೆ ಗುಹೆಗಳಲ್ಲಿ ವಾಸಿಸುವ ರಾಟನ್ನನ ಬಾವಲಿಯನ್ನು ಚಿತ್ರಿಸುವ ಕಷ್ಟವನ್ನು ಹೇಳುವುದೇ ಬೇಡ. ಬಹುಕಾಲ ಜಗತ್ತಿನಲ್ಲಿ ಈ ಗುಹೆಗಳ ಹೊರತು ಬೇರೆಲ್ಲಿಯೂ ಇದೆಯೆಂದು ತಿಳಿಯದಿದ್ದ ಪ್ರಾಣಿ ಅದು. ಗುಡಿ ಎಲ್ಲರದು, ಕಾಡು ಎಲ್ಲರದು. ಅವುಗಳ ಚಿತ್ರ ಮಾತ್ರ ತೆಗೆದವನದು. ಆ ಚಿತ್ರ ಬೇಡವೆಂದರೆ ತಡೆಯುವವರಾರು? ಖಾನಾಪುರದ ಬಸ್ಸು ಹತ್ತಿ ಹೋಗಿ ನಮ್ಮದೇ ಒಂದನ್ನು ತೆಗೆದುಕೊಂಡು ಬರಬಹುದು.

ನಮ್ಮ ನಾಡಿನ ಗುಡಿಗಳನ್ನು ಮೊದಲಬಾರಿಗೆ ಕ್ಯಾಮೆರಾದಲ್ಲಿ ಹಿಡಿದವರ ಕಾಲದಲ್ಲಿ ಈ ವಿಷಯದ ವಿವೇಕ ಹೆಚ್ಚಾಗಿಯೇ ಇತ್ತೆಂದು ತೋರುತ್ತದೆ. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗ್ರಂಥದ ಮುಖಪುಟದಲ್ಲಿ ಚಿತ್ರ ತೆಗೆದ ಪಿಗೌ, ನೀಲ್, ಬಿಗ್ಸ್ ಈ ಮೂವರ ಹೆಸರುಗಳು ಮೊದಲು ಬರುತ್ತವೆ. ಇತಿಹಾಸ ಬರೆದ ಮೆಡೋಸ್ ಟೇಲರನೂ ವಾಸ್ತುವಿಮರ್ಶೆ ಬರೆದ ಫರ್ಗುಸನ್ನನೂ ಆಮೇಲೆ. ಅಲ್ಲಿ ಬರಹಗಾರರೇ ಅತಿಥಿಗಳು! ಬ್ರಿಟನ್ನಿನಲ್ಲಿ ಛಾಯಾಚಿತ್ರಕ್ಕೆ ಕಾಯದೆಯ ರಕ್ಷಣೆ ದೊರೆತದ್ದು 1862ರಲ್ಲಿ. ಅದಕ್ಕೆ ನಾಲ್ಕೇ ವರ್ಷದ ಮೇಲಿನ ಗ್ರಂಥವಿದು. ಬರ್ಜೆಸ್ಸನು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸಂಚರಿಸಿ 1874ರಲ್ಲಿ ಪ್ರಕಟಿಸಿದ ಪುರಾತತ್ತ್ವ ವರದಿಯ ಚಿತ್ರಗಳೂ ಹಾಗೆಯೇ ಪ್ರಸಿದ್ಧ. ಇವುಗಳ ಸ್ವಾಮ್ಯವೆಲ್ಲ ಮುಗಿದು ಎಷ್ಟೋ ಕಾಲವಾಯಿತು. ಯಾರು ಬೇಕಾದರೂ ಅಚ್ಚುಹಾಕಿಕೊಳ್ಳಬಹುದು. ಆದರೂ ಇಂಥ ಚಿತ್ರದ ಕೆಳಗೆ ‘ಬರ್ಜೆಸ್, 1874’ ಎಂದು ಬರೆದರೆ ಓದುಗನಿಗೆ ಒಂದು ತಿಳಿವಳಿಕೆ ದೊರೆಯುತ್ತದೆ. ‘ಹಳೆಯ ಚಿತ್ರ’ ಎಂದರೆ ಏನೂ ದೊರೆಯುವುದಿಲ್ಲ.

ಈಗ ಕಾಯದೆಯ ಕಡೆಗೆ ತಿರುಗೋಣ. ಹಿಂದಿನವರು ಗ್ರಂಥಸ್ವಾಮ್ಯವೆನ್ನುತ್ತಿದ್ದುದನ್ನು ಇಂದು ಕೃತಿಸ್ವಾಮ್ಯವೆನ್ನುತ್ತೇವೆ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. ಆತ ಎಲ್ಲಿಯೂ ನೋಂದಣಿ ಮಾಡಿಸಬೇಕಾದುದಿಲ್ಲ, ಚಿತ್ರದ ಮೂಲೆಯಲ್ಲಿ ಮುದ್ರೆ ಒತ್ತಬೇಕಾದುದೂ ಇಲ್ಲ. 2012ರ ತಿದ್ದುಪಡಿಗೆ ಮುಂಚೆ ಛಾಯಾಚಿತ್ರದ ಸ್ವಾಮ್ಯ ಪ್ರಕಟವಾದಂದಿನಿಂದ 60 ವರ್ಷ ಮಾತ್ರ ನಡೆಯುತ್ತಿತ್ತು. ಆ ತಿದ್ದುಪಡಿ ಛಾಯಾಚಿತ್ರಗ್ರಾಹಕನನ್ನು ಕವಿ ಕಾದಂಬರಿಕಾರರ ಸಾಲಿನಲ್ಲಿ ಕೂರಿಸಿತು: ಆತನ ಜೀವಿತಕಾಲ, ಮತ್ತೆ 60 ವರ್ಷ.

ಅತಿಥಿ ಲೇಖಕರ ಸ್ಥಾನವೂ ಇದೇ ಅಧಿನಿಯಮದಲ್ಲಿ ಸ್ಪಷ್ಟವಾಗಿದೆ. ಪತ್ರಿಕೆಯ ಸಂಬಳದ ನೌಕರ ಉದ್ಯೋಗದ ಅಂಗವಾಗಿ ಬರೆದುದರ ಅಥವಾ ತೆಗೆದುದರ ಸ್ವಾಮ್ಯ, ಪತ್ರಿಕೆಗಳಲ್ಲಿ ಪ್ರಕಟಿಸುವಷ್ಟರ ಮಟ್ಟಿಗೆ, ಒಡೆಯನದು. ಬೇರೆ ಒಪ್ಪಂದವಿದ್ದರೆ ಆ ಮಾತು ಬೇರೆ. ಹೊರಗಿನಿಂದ ಬರೆದುಕೊಡುವವನ ಮೇಲೆ ಪತ್ರಿಕೆಗೆ ಅಷ್ಟೂ ಅಧಿಕಾರವಿಲ್ಲ. ಸ್ವಾಮ್ಯವನ್ನು ಬಿಟ್ಟುಕೊಡಬೇಕಾದರೆ ಬರೆವಣಿಗೆಯಲ್ಲಿ ರುಜು ಸಹಿತ ಕೊಡಬೇಕು. ಕಾಲ ನಮೂದಿಸದಿದ್ದರೆ 5 ವರ್ಷವೆಂದು ಲೆಕ್ಕ. ಇಂಥ ಪತ್ರವೇನೂ ಇಲ್ಲದೆ ಲೇಖನ ಕಳಿಸಿದವರು ಆ ಸಂಚಿಕೆಯಲ್ಲಿ ಅಚ್ಚುಮಾಡಲು ಸಮ್ಮತಿ ಕೊಟ್ಟಿದ್ದಾರೆಂದಷ್ಟೇ ತಿಳಿಯತಕ್ಕದ್ದು. ಎರಡು ವರ್ಷದ ಮೇಲೆ ಅದೇ ಲೇಖನವನ್ನು ಸಂಕಲನಕ್ಕೆ ಸೇರಿಸುವಾಗ ಮತ್ತೆ ಕೇಳಬೇಕು. ಸಂಸ್ಥೆಯ ನೆರಳಿನಲ್ಲಿ ಆದುದೆಲ್ಲ ಸಂಸ್ಥೆಯದೇ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಮೊಕದ್ದಮೆ ಇದಕ್ಕೆ ಕನ್ನಡದ್ದೇ ಉದಾಹರಣೆ. ಕಾರಂತರು ತಮ್ಮ ಉಯಿಲಿನ ಮೂಲಕ ಬಿ. ಮಾಲಿನಿ ಮಲ್ಯ ಅವರಿಗೆ ಬಿಟ್ಟುಹೋದ ಹಕ್ಕು ದೊಡ್ಡದೊ, ಅವರು ಕೆಲಸ ಮಾಡಿದ ಮಣಿಪಾಲದ ಅಕಾಡೆಮಿಯ ಹಕ್ಕು ದೊಡ್ಡದೊ ಎಂಬ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2009ರಲ್ಲಿ ತೀರ್ಮಾನವಾಯಿತು. ಹಕ್ಕು ಉಯಿಲು ಪಡೆದವರಲ್ಲಿಯೇ ಉಳಿಯಿತು. ಶಿಕ್ಷಣ ಮೊದಲಾದ ಉದ್ದೇಶಗಳಿಗೆ ಕಾಯದೆ ಇಟ್ಟಿರುವ ವಿನಾಯಿತಿಗಳನ್ನು ಸಂಸ್ಥೆ ಬಳಸಿಕೊಳ್ಳಬಹುದೆಂಬ ಅವಕಾಶವನ್ನೂ ನ್ಯಾಯಾಲಯ ತೆರೆದಿಟ್ಟಿತು.

ಅತಿಥಿಗೆ ತನ್ನ ಬರಹದ ಮೇಲೆ ಇಷ್ಟು ಗಟ್ಟಿಯಾದ ಹಕ್ಕು ಇರುವಾಗ, ಆತ ಜೊತೆಗೆ ತಂದ ಪರರ ಚಿತ್ರದ ಮೇಲೆ ಎಳ್ಳಷ್ಟೂ ಇಲ್ಲ ಎನ್ನುವುದು ನಮ್ಮ ಮನಸ್ಸಿಗೆ ಬೇಗ ಹತ್ತುವುದಿಲ್ಲ. ತನ್ನದಲ್ಲದ್ದನ್ನು ಅತಿಥಿ ಕೊಡಲಾರ. ಆತ ಕೊಟ್ಟನೆಂದು ಆತಿಥೇಯ ಪಡೆಯಲಾರ. ಹೈತಿಯ ಭೂಕಂಪದ ಚಿತ್ರಗಳ ಪ್ರಕರಣ ಈ ಮಾತನ್ನು ಜಗತ್ತಿಗೆಲ್ಲ ತಿಳಿಸಿತು. 2010ರ ಜನವರಿಯಲ್ಲಿ ಡೇನಿಯಲ್ ಮೊರೆಲ್ ಎಂಬ ಛಾಯಾಚಿತ್ರಗ್ರಾಹಕ ಕುಸಿದ ಊರಿನ ನಡುವೆ ತೆಗೆದ ಚಿತ್ರಗಳನ್ನು ಟ್ವಿಟರಿನಲ್ಲಿ ಇಟ್ಟ. ಬೇರೊಬ್ಬರು ಅವನ್ನು ತಮ್ಮವೆಂಬಂತೆ ಅಲ್ಲಿಯೇ ಪ್ರಚುರಪಡಿಸಿದರು. ಫ್ರಾನ್ಸಿನ ಎ.ಎಫ್.ಪಿ. ಸುದ್ದಿಸಂಸ್ಥೆ ಆ ಎರಡನೆಯ ಕೈಯಿಂದ ತೆಗೆದುಕೊಂಡು ಲೋಕಕ್ಕೆ ಹಂಚಿತು. ಗೆಟ್ಟಿ ಸಂಸ್ಥೆಯೂ ವಿತರಿಸಿತು. 2013ರ ನವೆಂಬರಿನಲ್ಲಿ ನ್ಯೂಯಾರ್ಕಿನ ಜ್ಯೂರಿ 12 ಲಕ್ಷ ಡಾಲರು ಪರಿಹಾರ ವಿಧಿಸಿತು. ಎಲ್ಲರಿಗೂ ಕಾಣುವ ಜಾಗದಲ್ಲಿ ಚಿತ್ರ ಇಟ್ಟ ಮಾತ್ರಕ್ಕೆ ಎಲ್ಲರಿಗೂ ಕೊಟ್ಟಂತಾಗುವುದಿಲ್ಲ. ನಮ್ಮ ಕಾಯದೆಯಲ್ಲಿಯೂ ಉದ್ದೇಶಪೂರ್ವಕವಾದ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸವೂ 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡವೂ ಇವೆ. ಲಾಭದ ಉದ್ದೇಶವಿಲ್ಲದಿದ್ದಲ್ಲಿ ನ್ಯಾಯಾಧೀಶರು ಇದನ್ನು ಇಳಿಸಬಹುದು.

ಸ್ಟುಡಿಯೋಗಳ ವಿಷಯದಲ್ಲಿ ಮಾತ್ರ ಕಾಯದೆ ಬೇರೊಂದು ದಾರಿ ಹಿಡಿಯುತ್ತದೆ. ದುಡ್ಡು ಕೊಟ್ಟು ತೆಗೆಸಿದ ಛಾಯಾಚಿತ್ರದ ಸ್ವಾಮ್ಯ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವನದು. ಖಾನಾಪುರದ ಪೇಟೆಯ ಸ್ಟುಡಿಯೋದವರು ತೆಗೆದ ಮದುವೆಯ ಚಿತ್ರ ಮದುವೆಯ ಮನೆಯವರದು. ಅದೇ ಛಾಯಾಚಿತ್ರಗ್ರಾಹಕ ಬಿಡುವಿನ ದಿನ ಹಲಸಿಗೆ ಹೋಗಿ ತೆಗೆದದ್ದು ಅವನದು. ತೀರಿಕೊಂಡ ಕವಿಯ ಭಾವಚಿತ್ರ ಬೇಕಾದವರು ಮನೆಯವರನ್ನು ಕೇಳುತ್ತಾರಲ್ಲ, ಆ ಪದ್ಧತಿ ಹೀಗೆ ಬಹುಮಟ್ಟಿಗೆ ಸರಿಯೇ ಆಯಿತು. ಆದರೆ 57ನೆಯ ಕಲಮಿನಲ್ಲಿ ಕರ್ತೃವಿನ ವಿಶೇಷ ಹಕ್ಕೆಂಬುದೊಂದಿದೆ. ಸ್ವಾಮ್ಯ ಪರರ ಪಾಲಾದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕು, ತನ್ನ ಮಾನಕ್ಕೆ ಕುಂದು ಬರುವಂತೆ ಕೃತಿಯನ್ನು ವಿಕಾರಗೊಳಿಸಿದರೆ ಪ್ರತಿಭಟಿಸುವ ಹಕ್ಕು ಕರ್ತೃವಿನಲ್ಲಿಯೇ ಉಳಿಯುತ್ತವೆ. ಅಮರನಾಥ ಸೆಹಗಲ್ ಎಂಬ ಶಿಲ್ಪಿ ದೆಹಲಿಯ ವಿಜ್ಞಾನಭವನದಿಂದ ಕಿತ್ತುಹಾಕಿದ್ದ ತನ್ನ ಭಿತ್ತಿಶಿಲ್ಪಕ್ಕಾಗಿ ಸರಕಾರದ ವಿರುದ್ಧ ಹೋರಾಡಿ 2005ರಲ್ಲಿ ಗೆದ್ದದ್ದು ಇದೇ ಕಲಮಿನ ಬಲದಿಂದ. ಹಣ ಪಡೆದು ಮರೆಯಾದ ಸ್ಟುಡಿಯೋದವನಿಗೂ ಹೆಸರಿನ ಹಕ್ಕು ಉಂಟು.

ಕಂಡವರಿಲ್ಲದ ಮುಖಗಳ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಕ್ಯಾಮೆರಾ ಕಂಡಿರಲು ಸಾಧ್ಯವೇ ಇರಲಿಲ್ಲ. ಆ ವಿದ್ಯೆ ಲೋಕಕ್ಕೆ ಪ್ರಕಟವಾದದ್ದೇ 1839ರಲ್ಲಿ. ಇಂದು ನಾವು ಕ್ಯಾಲೆಂಡರುಗಳಲ್ಲಿ, ಅಂಗಡಿಗಳ ಗೋಡೆಗಳ ಮೇಲೆ ಕಾಣುವ ಮೀಸೆ, ಮುಂಡಾಸು, ಹಿರಿದ ಕತ್ತಿ ಎಲ್ಲವೂ ಕಲಾವಿದರ ಕಲ್ಪನೆ. ರಾಯಣ್ಣ ನಾಡಿನ ಆಸ್ತಿ ಎಂಬ ಅಭಿಮಾನದಲ್ಲಿ ಈ ಚಿತ್ರಗಳನ್ನೂ ನಾಡಿನ ಆಸ್ತಿಯೆಂದು ಬಗೆದು ಯಾರೂ ಯಾರನ್ನೂ ಕೇಳದೆ ಅಚ್ಚುಹಾಕುತ್ತಾರೆ. ವೀರನ ಚರಿತ್ರೆಯ ಮೇಲೆ ಯಾರಿಗೂ ಸ್ವಾಮ್ಯವಿಲ್ಲ, ನಿಜ. ಅವನಿಗೊಂದು ಮುಖ ಕೊಟ್ಟ ಚಿತ್ರಗಾರನಿಗೆ ಆ ಮುಖದ ಮೇಲೆ ಸ್ವಾಮ್ಯವುಂಟು. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಪ್ರತಿಮೆಯ ಛಾಯಾಚಿತ್ರವನ್ನು ತೆಗೆದು ಪ್ರಕಟಿಸುವುದಕ್ಕೆ 52ನೆಯ ಕಲಮು ಅನುಮತಿ ಕೊಡುತ್ತದೆ. ನಂದಗಡದ ಲೇಖನಕ್ಕೆ ಚಿತ್ರ ಬೇಕಾದವರು ಅಲ್ಲಿಗೆ ಹೋಗಿ ಕ್ಯಾಮೆರಾ ತೆರೆಯಲಿ. ಕ್ಯಾಲೆಂಡರಿನ ಚಿತ್ರವನ್ನು ಕತ್ತರಿಸಿ ಅಂಟಿಸುವುದಕ್ಕೆ ಆ ಅನುಮತಿ ಸಲ್ಲದು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಚಿತ್ರಗಳ ಸ್ಥಿತಿ ಬೇರೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಆ ಏಕೈಕ ಅಧಿವೇಶನದ ಶತಮಾನೋತ್ಸವ 2024ರಲ್ಲಿ ನಡೆದಾಗ ಆ ಚಿತ್ರಗಳು ಮತ್ತೆ ಮತ್ತೆ ಅಚ್ಚಾದವು. ಆ ಕಾಲದಲ್ಲಿಯೇ ಪ್ರಕಟವಾದ ಛಾಯಾಚಿತ್ರಗಳ ಸ್ವಾಮ್ಯ ಎಂದೋ ತೀರಿದೆ. ಅವುಗಳಿಗೆ ಅನುಮತಿ ಬೇಡ. ಇಂಥದನ್ನು ‘ಎಲ್ಲ ಹಕ್ಕು ನಮ್ಮದು’ ಎಂದು ಬೇಲಿ ಹಾಕುವವರೂ ಇದ್ದಾರೆ. ಅದು ಇನ್ನೊಂದು ಬಗೆಯ ಅಕ್ರಮ.

ಸಣ್ಣ ಪತ್ರಿಕೆಗಳ ಸಂಪಾದಕರು ಇದಕ್ಕೆಲ್ಲ ಒಂದು ಉತ್ತರ ಕೊಡುತ್ತಾರೆ: ‘ಲೇಖಕರಿಗೇ ಸಂಭಾವನೆ ಕೊಡಲಾರೆವು, ಚಿತ್ರಕ್ಕೆ ಎಲ್ಲಿಂದ ತರೋಣ?’ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕಾಗದದ ಬೆಲೆ, ಮುದ್ರಣದ ಖರ್ಚು ಬಲ್ಲವರು ಅವರ ಮೇಲೆ ಸಿಟ್ಟಾಗಲಾರರು. ಆದರೆ ಇಲ್ಲಿ ಕೇಳುತ್ತಿರುವುದು ಬಹಳ ಸಲ ದುಡ್ಡೇ ಅಲ್ಲ. ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರದಲ್ಲಿ ಕಮಲಬಸದಿಯ ಚಿತ್ರಗಳನ್ನು ತೆಗೆದವರು ಉಚಿತವಾಗಿಯೇ ಇಟ್ಟಿದ್ದಾರೆ. ಅಲ್ಲಿಯ ಬಹುಪಾಲು ಚಿತ್ರಗಳಿಗೆ ಶರತ್ತು ಇಷ್ಟೆ: ನನ್ನ ಹೆಸರು ಹಾಕಿ, ಯಾವ ಪರವಾನಿಗೆಯಲ್ಲಿ ಕೊಟ್ಟಿದ್ದೇನೆಂದು ತಿಳಿಸಿ. ಅರ್ಧ ಸಾಲಿನ ಮಾತು. ಇಂಥ ಚಿತ್ರದ ಕೆಳಗೂ ‘ಅಂತರ್ಜಾಲ’ ಎಂದು ಬರೆಯುವವರಿಗೆ ಬಡತನದ ನೆಪ ಒಪ್ಪುವುದಿಲ್ಲ. ಇನ್ನು ವಿಮರ್ಶೆಗಾಗಿ, ಪ್ರಚಲಿತ ವಿದ್ಯಮಾನದ ವರದಿಗಾಗಿ, ಸಂಶೋಧನೆಗಾಗಿ ಮಿತವಾಗಿ ಬಳಸುವುದನ್ನು ಕಾಯದೆ ನ್ಯಾಯವಾದ ಬಳಕೆಯೆಂದೇ ಎಣಿಸುತ್ತದೆ. ಪುಸ್ತಕವಿಮರ್ಶೆಯೊಡನೆ ಹೊದಿಕೆಯ ಚಿತ್ರ ಹಾಕಿದವರ ಮನೆಗೆ ಅಮೀನ ಬರುವುದಿಲ್ಲ.

ಬೆಳಗಾವಿಯಲ್ಲಿ ಹೆಸರಿನ ಪ್ರಶ್ನೆಗೆ ಬೇರೆ ಕಡೆ ಇಲ್ಲದ ಒಂದು ತೂಕವಿದೆ. ಇಲ್ಲಿ ಕನ್ನಡ, ಮರಾಠಿ ಎರಡೂ ಭಾಷೆಗಳ ಪತ್ರಿಕೆಗಳನ್ನು ಜನ ಓದುತ್ತಾರೆ. ನವೆಂಬರ್ ಒಂದನೆಯ ತಾರೀಕು ಒಂದು ಗುಂಪಿಗೆ ಉತ್ಸವ, ಇನ್ನೊಂದು ಗುಂಪಿಗೆ ಕರಾಳದಿನ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ದಿನಗಳಲ್ಲಿ ಬೀದಿಯ ಒಂದು ಚಿತ್ರ ಗಂಟೆಯೊಳಗೆ ಎರಡೂ ಭಾಷೆಗಳ ಸಾವಿರಾರು ಕೈಗಳನ್ನು ಮುಟ್ಟಬಲ್ಲದು. ಅಂಚು ಕತ್ತರಿಸಿದರೆ ಹೊಡೆದವನು ಹೊಡೆಸಿಕೊಂಡವನಾಗಿ ಕಾಣುತ್ತಾನೆ; ಕೆಳಗಿನ ಸಾಲು ಬದಲಾದರೆ ಹೋದ ವರ್ಷದ ಬಸ್ಸು ಇಂದು ಸುಟ್ಟಂತಾಗುತ್ತದೆ. ಚಿತ್ರಕ್ಕೆ ಹೆಸರು, ದಿನಾಂಕ, ಸ್ಥಳ ಅಂಟಿಕೊಂಡಿದ್ದರೆ ‘ಇದನ್ನು ಎಲ್ಲಿ ತೆಗೆದಿರಿ?’ ಎಂದು ಕೇಳಲು ಒಬ್ಬ ಮನುಷ್ಯನಿರುತ್ತಾನೆ. ಅಂತರ್ಜಾಲವನ್ನು ಹೀಗೆ ಕರೆದು ಕೇಳುವುದು ಸಾಧ್ಯವಿಲ್ಲ. ಛಾಯಾಚಿತ್ರಗ್ರಾಹಕನಿಗೆ ಸಲ್ಲಬೇಕಾದ ಗೌರವ ಇಲ್ಲಿ ಓದುಗನ ರಕ್ಷಣೆಯೂ ಆಗುತ್ತದೆ. ವಿಶೇಷ ಹಕ್ಕಿನ ಕಲಮು ವಿಕಾರಗೊಳಿಸುವುದನ್ನು ನಿಷೇಧಿಸಿದಾಗ ಶಾಸನಕರ್ತರ ಮನಸ್ಸಿನಲ್ಲಿ ಶಿಲ್ಪಿಗಳೂ ಕವಿಗಳೂ ಇದ್ದಿರಬಹುದು. ಗಡಿಯೂರಿನ ವರದಿಯ ಚಿತ್ರ ತೆಗೆಯುವವನಿಗೆ ಅದರ ಅಗತ್ಯ ಅವರಿಗಿಂತ ಕಡಮೆಯಲ್ಲ.

ಹಿಂದೆ ಮಾಸಪತ್ರಿಕೆಗಳು ಲೇಖಕರಿಗೆ ಸೂಚನೆ ಕೊಡುತ್ತಿದ್ದವು: ಕಾಗದದ ಒಂದೇ ಮಗ್ಗುಲಲ್ಲಿ ಬರೆಯಿರಿ, ಅಂಚೆಚೀಟಿ ಹಚ್ಚಿದ ಲಕೋಟೆ ಇಡಿ. ಅದೇ ಜಾಗದಲ್ಲಿ ಈಗ ಪ್ರತಿಯೊಂದು ಚಿತ್ರ ತೆಗೆದವರು ಯಾರು, ಎಂದು ತೆಗೆದದ್ದು, ಅವರು ಒಪ್ಪಿದ್ದಾರೆಯೆ ಎಂಬ ಮೂರು ಪ್ರಶ್ನೆಗಳನ್ನು ಅಚ್ಚುಮಾಡಬಹುದು. ಉತ್ತರ ಬಾರದ ಚಿತ್ರವನ್ನು ಬಿಟ್ಟರೆ ಲೇಖನವೇನೂ ಸತ್ತುಹೋಗದು. ಕಾಲೇಜು ವಾರ್ಷಿಕ ಸಂಚಿಕೆಗಳಿಂದಲೇ ಈ ಅಭ್ಯಾಸ ಮೊದಲಾಗುವುದು ಲೇಸು. ಮುಂದಿನ ಅತಿಥಿ ಲೇಖಕರು ಅಲ್ಲಿಂದಲೇ ಬರತಕ್ಕವರು.

ಹೆಸರು ಕಳೆದುಹೋಗಿರುವ ಹಳೆಯ ಚಿತ್ರಗಳ ಗೊಂದಲ ಮಾತ್ರ ಬೇಗ ಬಗೆಹರಿಯದು. ಕರ್ತೃ ಯಾರೆಂದು ತಿಳಿಯದ, ಹುಡುಕಿದರೂ ಸಿಗದ ಕೃತಿಗಳನ್ನು ಪ್ರಕಟಿಸಲು ಜಾಹೀರಾತು ಕೊಟ್ಟು, ಅರ್ಜಿ ಹಾಕಿ, ಪರವಾನಿಗೆ ಪಡೆಯುವ ದಾರಿಯೊಂದನ್ನು 31-ಎ ಕಲಮು ಹೇಳುತ್ತದೆ. ಐದು ದಶಕಗಳ ಹಿಂದಿನ ಒಂದು ಜಾತ್ರೆಯ ಚಿತ್ರಕ್ಕಾಗಿ ಖಾನಾಪುರದಿಂದ ಅಷ್ಟು ದೂರ ನಡೆಯುವವರು ಯಾರು? ಈ ಊರುಗಳ ಹಳೆಯ ಸ್ಟುಡಿಯೋಗಳ ನೆಗೆಟಿವ್ ಪೆಟ್ಟಿಗೆಗಳು ಗುಜರಿಗೆ ಹೋಗುವ ಮುನ್ನ, ತೆಗೆದವರನ್ನು ನೆನಪಿಟ್ಟ ಹಿರಿಯರು ಇನ್ನೂ ಇರುವಾಗಲೇ, ಪ್ರತಿಗಳ ಬೆನ್ನಮೇಲೆ ಒಂದು ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆದಿಡುವ ಕೆಲಸವನ್ನು ಯಾರಾದರೂ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಬೇಸಿಗೆಯ ರಜೆಯಲ್ಲಿ ಒಪ್ಪಿಸಬಹುದು.